ಕರಿಬೇವಿನ ಗಿಡಕ್ಕೂ ಹಸಿವಾಗುತ್ತದೆ



ಈ ತಿಂಗಳ ಪಾಠಕ್ಕೆ ಕರಿಬೇವಿನ ಗಿಡವನ್ನು ಆರಿಸಿಕೊಂಡಿದ್ದೇವೆ. "ಇದೇನು ಸಿಸ್ಟರ್, ಉಳಿತಾಯ, ಸಾಲ, ಲೆಕ್ಕಪುಸ್ತಕ ಎಲ್ಲಾ ಬಿಟ್ಟು ಒಗ್ಗರಣೆ ಸೊಪ್ಪಿಗೆ ಬಂದಿರಲ್ಲಾ?" ಅಂತ ನೀವು ಕೇಳಬಹುದು. ಕಾರಣ ಇದೆ. ಸಂಘಗಳ ಭೇಟಿಗೆ ಹೋದಾಗ, ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿಗೆ, ಹಿತ್ತಲಿನ ಮಾತು ಬಂದೇ ಬರುತ್ತದೆ. ಒಬ್ಬರು "ಎಷ್ಟು ಸಲ ನೆಟ್ಟರೂ ಬದುಕೋದಿಲ್ಲ" ಅಂತಾರೆ. ಇನ್ನೊಬ್ಬರು "ಬದುಕಿದೆ, ಆದರೆ ಮೂರು ವರ್ಷದಿಂದ ಮೊಳಕಾಲಿಗಿಂತ ಮೇಲೆ ಏರಿಲ್ಲ" ಅಂತಾರೆ. ಮೂರನೆಯ ಮಾತನ್ನು ಸ್ವಲ್ಪ ದನಿ ತಗ್ಗಿಸಿ ಹೇಳ್ತಾರೆ: "ಯಾರೋ ಹೊರಗಾದವರು ಮುಟ್ಟಿರಬೇಕು ಸಿಸ್ಟರ್, ಅದಕ್ಕೇ ಒಣಗಿಹೋಯ್ತು."

ಆ "ಯಾರೋ" ಅಂದರೆ ಯಾರು? ಬಹಳ ಮನೆಗಳಲ್ಲಿ ಅದು ಹೊಸದಾಗಿ ಬಂದ ಸೊಸೆ, ಇಲ್ಲವೇ ಆಗತಾನೇ ದೊಡ್ಡವಳಾದ ಹುಡುಗಿ. ಗಿಡ ಸತ್ತರೆ ಐವತ್ತು ರೂಪಾಯಿ ಕೊಟ್ಟು ಇನ್ನೊಂದು ತರಬಹುದು. ಆದರೆ ಅವಳ ಮೇಲೆ ಬಂದ ಮಾತು ಹಾಗೆ ಹೋಗುವುದಿಲ್ಲ. ಆದ್ದರಿಂದ ಕರಿಬೇವನ್ನು ಬೆಳೆಸುವುದು ಹೇಗೆ, ಅದಕ್ಕೆ ಉಣಿಸುವುದು ಹೇಗೆ, ಅದು ನಿಜವಾಗಿ ಯಾವ ಕಾರಣಕ್ಕೆ ಒಣಗುತ್ತದೆ ಅನ್ನುವುದನ್ನು ಒಟ್ಟಿಗೇ ತಿಳಿದುಕೊಳ್ಳೋಣ.

ಇದು ಎಂಥ ಗಿಡ?

ಹೆಸರಿನಲ್ಲಿ ಬೇವು ಇದ್ದರೂ ಇದು ಬೇವಿನ ನೆಂಟ ಅಲ್ಲ. ನಿಂಬೆ, ಕಿತ್ತಳೆ, ಬಿಲ್ವಪತ್ರೆ ಇವುಗಳ ಕುಟುಂಬಕ್ಕೆ ಸೇರಿದ್ದು. ನಿಂಬೆ ಗಿಡಕ್ಕೆ ಬರುವ ಹುಳು ಕರಿಬೇವಿಗೂ ಬರುವುದು ಈ ನೆಂಟಸ್ತಿಕೆಯಿಂದಲೇ. ನಮ್ಮ ದೇಶದ್ದೇ ಮರ. ಮಲೆನಾಡಿನ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ತಾನಾಗಿಯೇ ಬೆಳೆಯುವುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಬಿಟ್ಟರೆ ಎರಡಾಳು ಎತ್ತರ ದಾಟುತ್ತದೆ.

ಇದರ ವಿಷಯದಲ್ಲಿ ನಾವು ಮರೆಯುವ ಒಂದು ಮಾತಿದೆ. ಮಾವಿನ ಮರದಿಂದ ವರ್ಷಕ್ಕೆ ಒಂದು ಸಲ ಹಣ್ಣು ತೆಗೆಯುತ್ತೇವೆ. ಕರಿಬೇವಿನಿಂದ ದಿನಾ ತೆಗೆಯುತ್ತೇವೆ. ಬೆಳಿಗ್ಗೆ ಉಪ್ಪಿಟ್ಟಿಗೆ ಒಂದು ಕಡ್ಡಿ, ಮಧ್ಯಾಹ್ನ ಸಾರಿಗೆ ಒಂದು ಕಡ್ಡಿ, ರಾತ್ರಿ ಮಜ್ಜಿಗೆಗೆ ಇನ್ನೊಂದು. ಪಕ್ಕದ ಮನೆಯವರೂ "ಒಂದೆಸಳು ಕೊಡ್ರಿ" ಅಂತ ಬರ್ತಾರೆ. ಗಿಡ ತನ್ನ ಅಡುಗೆ ಮಾಡಿಕೊಳ್ಳುವುದು ಎಲೆಯಲ್ಲಿ. ನಾವು ಕೀಳುವುದು ಅದೇ ಎಲೆ. ಇಷ್ಟು ತೆಗೆದುಕೊಂಡ ಮೇಲೆ ಬುಡಕ್ಕೆ ಏನು ಹಾಕಿದ್ದೇವೆ ಅಂತ ಕೇಳಿದರೆ "ಪಾತ್ರೆ ತೊಳೆದ ನೀರು ಹೋಗುತ್ತಲ್ಲ ಸಿಸ್ಟರ್" ಅನ್ನುವ ಉತ್ತರವೇ ಹೆಚ್ಚು.

ನೆಡುವುದು

ಸಸಿ ಮೂರು ದಾರಿಯಲ್ಲಿ ಸಿಗುತ್ತದೆ. ಮೊದಲನೆಯದು ಬೀಜ. ಮಳೆಗಾಲದ ಶುರುವಿಗೆ ಹಣ್ಣು ಕಪ್ಪಾಗಿ ಮಾಗುತ್ತದೆ. ಹಣ್ಣು ಹಿಸುಕಿ, ತಿರುಳು ತೊಳೆದು, ನೆರಳಲ್ಲಿ ಆರಿಸಿ, ಒಂದು ವಾರದೊಳಗೆ ಬಿತ್ತಿಬಿಡಬೇಕು. ಮೆಣಸಿನ ಬೀಜದ ಹಾಗೆ ಡಬ್ಬಿಯಲ್ಲಿ ಕಟ್ಟಿ ಮುಂದಿನ ವರ್ಷಕ್ಕೆ ಇಡಲು ಬರುವುದಿಲ್ಲ. ಹಳತಾದಂತೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಎರಡನೆಯದು ದೊಡ್ಡ ಗಿಡದ ಬೇರಿನಿಂದ ಸುತ್ತ ಏಳುವ ಮರಿಗಳು. ಮಳೆ ಹಿಡಿದ ಮೇಲೆ, ಬೇರು ಸಮೇತ, ಮಣ್ಣಿನ ಹೆಂಟೆ ಬಿಡದಂತೆ ಎತ್ತಿ ನೆಟ್ಟರೆ ಹತ್ತುತ್ತದೆ. ಸುಮ್ಮನೆ ಕೈಯಿಂದ ಕಿತ್ತು ತಂದ ಮರಿ ಬದುಕುವುದು ಅಪರೂಪ. "ಎಷ್ಟು ಸಲ ನೆಟ್ಟರೂ" ಅನ್ನುವ ದೂರಿನಲ್ಲಿ ಅರ್ಧ ಇಲ್ಲೇ ಇದೆ. ಮೂರನೆಯದು ನರ್ಸರಿ ಸಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ತಯಾರಾದ ಸುವಾಸಿನಿ ಅನ್ನುವ ತಳಿ ಘಮಕ್ಕೆ ಹೆಸರಾದದ್ದು, ಆದರೆ ಚಳಿಯಲ್ಲಿ ಬೆಳವಣಿಗೆ ನಿಧಾನ. ಕೇಳಿ ನೋಡಿ, ಸಿಕ್ಕರೆ ತನ್ನಿ. ಸಿಗದಿದ್ದರೆ ನಿಮ್ಮೂರಿನಲ್ಲೇ ಘಮಘಮ ಅನ್ನುವ ಗಿಡ ಯಾರ ಹಿತ್ತಲಲ್ಲಿದೆಯೋ ಅದರ ಮರಿಯೇ ಆದೀತು.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ ಇರಲಿ. ತೆಗೆದ ಮೇಲ್ಮಣ್ಣಿಗೆ ಒಂದು ಪುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಜಾಗ ಬಿಸಿಲಿನದಾಗಿರಲಿ. ದಿನಕ್ಕೆ ಐದಾರು ತಾಸು ಬಿಸಿಲು ಬಿದ್ದರೆ ಎಲೆ ದಟ್ಟವಾಗಿ ಬರುತ್ತದೆ. ಹಸಿ ಹಸಿ ಸಗಣಿ ತುಂಬಬೇಡಿ, ಅದು ಕಳಿಯುವಾಗ ಬಿಸಿಯಾಗಿ ಎಳೆ ಬೇರನ್ನು ಸುಡುತ್ತದೆ. ಮಳೆನೀರು ನಿಲ್ಲುವ ತಗ್ಗು ಬೇಡ. ಮನೆಯ ಗೋಡೆಗೆ ಅಂಟಿಕೊಂಡ ಜಾಗವೂ ಬೇಡ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇವೆ.

ಬಾಡಿಗೆ ಮನೆಯಲ್ಲಿರುವ ಸದಸ್ಯೆಯರು ಬೇಸರ ಮಾಡ್ಕೋಬೇಡಿ. ಒಂದೂವರೆ ಅಡಿ ಆಳದ ಕುಂಡವೋ ಹಳೆಯ ಬಕೆಟ್ಟೋ ಸಾಕು, ತಳದಲ್ಲಿ ನಾಲ್ಕೈದು ತೂತು ಇರಬೇಕು ಅಷ್ಟೆ. ಚೀಲದಲ್ಲಿ ಬೆಳೆಸುವುದಾದರೆ ಅಕ್ಕಿ ಚೀಲ ಒಳ್ಳೆಯದು. ಸಿಮೆಂಟ್ ಚೀಲ ಬೇಡವೇ ಬೇಡ.

ಉಣಿಸುವುದು ಎಲ್ಲಿ, ಯಾವಾಗ, ಎಷ್ಟು

ಮೊದಲು ಎಲ್ಲಿ ಅನ್ನುವುದು. ನಾವು ಗೊಬ್ಬರ ತಂದು ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕುತ್ತೇವೆ. ಆದರೆ ಗಿಡ ಉಣ್ಣುವುದು ಕಾಂಡದ ಹತ್ತಿರದ ದಪ್ಪ ಬೇರಿನಿಂದ ಅಲ್ಲ, ದೂರ ಹೋದ ಕೂದಲಿನಂಥ ಬೇರಿನಿಂದ. ನಡು ಮಧ್ಯಾಹ್ನ ಗಿಡದ ನೆರಳು ನೆಲದ ಮೇಲೆ ಎಲ್ಲಿವರೆಗೆ ಬೀಳುತ್ತದೋ, ಆ ಅಂಚೇ ಅದರ ಊಟದ ತಟ್ಟೆ. ಅಲ್ಲಿ ಸುತ್ತಲೂ ನಾಲ್ಕು ಬೆರಳು ಆಳಕ್ಕೆ ಮಣ್ಣು ಕೆದಕಿ, ಗೊಬ್ಬರ ಹರಡಿ, ಮಣ್ಣು ಎಳೆದು, ನೀರು ಕೊಡಿ. ಗುದ್ದಲಿಯನ್ನು ಆಳಕ್ಕೆ ಇಳಿಸಬೇಡಿ. ಕರಿಬೇವಿನ ಬೇರು ಮೇಲೇ ಇರುತ್ತದೆ, ಕಡಿದ ಕಡೆಯೆಲ್ಲ ಮರಿ ಎಬ್ಬಿಸುತ್ತದೆ. ಆ ಮರಿಗಳೂ ಅದೇ ತಟ್ಟೆಯಿಂದ ಉಣ್ಣುವುದರಿಂದ ತಾಯಿ ಗಿಡಕ್ಕೆ ಕಡಿಮೆಯಾಗುತ್ತದೆ. ಸಸಿ ಬೇಕಾದಷ್ಟು ಮರಿ ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆಯಿರಿ.

ಇನ್ನು ಯಾವಾಗ. ಹೊಟ್ಟೆ ಸರಿಯಿಲ್ಲದ ಮಗುವಿಗೆ ಹೋಳಿಗೆ ತಿನ್ನಿಸುವುದಿಲ್ಲ ಅಲ್ವಾ? ಡಿಸೆಂಬರ್, ಜನವರಿಯ ಚಳಿಯಲ್ಲಿ ಕರಿಬೇವು ಸುಮ್ಮನೆ ನಿಲ್ಲುತ್ತದೆ, ಕೆಲವು ಕಡೆ ಎಲೆ ಹಳದಿಯಾಗಿ ಉದುರಿಸುತ್ತದೆ. ಆಗ ಗಾಬರಿಯಾಗಿ ಯೂರಿಯಾ ಸುರಿಯುವವರಿದ್ದಾರೆ. ಪ್ರಯೋಜನ ಇಲ್ಲ. ಫೆಬ್ರವರಿಯಲ್ಲಿ ಬಿಸಿಲು ಏರಿ ಕುಡಿ ಮೂಡಿದಾಗ ಶುರುಮಾಡಿ. ದೊಡ್ಡ ಊಟ ವರ್ಷಕ್ಕೆ ಎರಡು ಸಲ: ಮುಂಗಾರು ಹಿಡಿಯುವಾಗ ಒಂದು, ಮಳೆ ಇಳಿಯುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಂದು. ನಡುವೆ, ಸೊಪ್ಪು ಜಾಸ್ತಿ ಕತ್ತರಿಸಿದಾಗಲೆಲ್ಲ, ಸ್ವಲ್ಪ ಗಂಜಿಯ ಹಾಗೆ ತೆಳ್ಳಗಿನ ಊಟ. ಒಂದು ಕಿಲೋ ಸಗಣಿಯನ್ನು ಹತ್ತು ಲೀಟರ್ ನೀರಿಗೆ ಕಲಸಿ ಮೂರು ದಿನ ಇಟ್ಟು, ಗಿಡಕ್ಕೆ ಎರಡು ಮೂರು ಚೊಂಬು ಹಾಕಿ. ಗಂಜಲವಾದರೆ ಒಂದು ಪಾಲಿಗೆ ಹತ್ತು ಪಾಲು ನೀರು. ದನ ಇಲ್ಲದ ಮನೆಯವರು ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಒಂದು ಚೊಂಬು ನೀರಲ್ಲಿ ಎರಡು ದಿನ ನೆನೆಸಿ, ಆಮೇಲೆ ಒಂದು ಕೊಡ ನೀರಿಗೆ ಬೆರೆಸಿ ಹಾಕಬಹುದು. ವಾಸನೆ ಬರುತ್ತದೆ, ಸಂಜೆ ಹಾಕಿದರೆ ಪಕ್ಕದ ಮನೆಯವರು ಜಗಳಕ್ಕೆ ಬರುವುದಿಲ್ಲ.

ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇವೆ, ನಮ್ಮ ಲೆಕ್ಕಪುಸ್ತಕ ಬರೆಯುವವರು ಗಮನಿಸಿ. ಮಾರಾಟಕ್ಕೆ ಕರಿಬೇವು ಬೆಳೆಯುವವರಿಗೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೇಳುವುದು ಗಿಡವೊಂದಕ್ಕೆ ವರ್ಷಕ್ಕೆ 20 ಕಿಲೋ ಕೊಟ್ಟಿಗೆ ಗೊಬ್ಬರ, ಜೊತೆಗೆ 150 ಗ್ರಾಂ ಸಾರಜನಕ, 25 ಗ್ರಾಂ ರಂಜಕ, 50 ಗ್ರಾಂ ಪೊಟ್ಯಾಷ್. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಯೂರಿಯಾ ಸುಮಾರು 325 ಗ್ರಾಂ, ಸೂಪರ್ ಫಾಸ್ಫೇಟ್ ಸುಮಾರು 155 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 85 ಗ್ರಾಂ. ಇದನ್ನೂ ಒಂದೇ ಸಲ ಅಲ್ಲ, ನಾಲ್ಕು ಪಾಲು ಮಾಡಿ ಕೊಡಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಇಡೀ ಗಿಡವನ್ನು ಕತ್ತರಿಸಿ ಮಾರುಕಟ್ಟೆಗೆ ಕಳಿಸುವವರ ಲೆಕ್ಕ ಇದು. ಮನೆ ಬಳಕೆಯ ಗಿಡಕ್ಕೆ ಇಷ್ಟೆಲ್ಲ ಬೇಡ. 20 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರದಲ್ಲೇ ಹತ್ತಿರ ಹತ್ತಿರ 100 ಗ್ರಾಂ ಸಾರಜನಕ ಇರುತ್ತದೆ, ನಿಧಾನವಾಗಿ ಬಿಟ್ಟುಕೊಡುತ್ತದೆ. ಬೆಳೆದ ಗಿಡಕ್ಕೆ ಆ 20 ಕಿಲೋವನ್ನು ಎರಡು ಕಂತಿನಲ್ಲಿ ಕೊಟ್ಟು, ಮಧ್ಯೆ ಸಗಣಿ ನೀರು ಹಾಕಿದರೆ ಸಾಕು. ಎರಡು ವರ್ಷದ ಗಿಡಕ್ಕೆ ಇದರಲ್ಲಿ ಅರ್ಧ. ಮೊದಲ ವರ್ಷದ ಸಸಿಗೆ ಗುಂಡಿಗೆ ಹಾಕಿದ್ದೇ ಸಾಕು, ತಿಂಗಳಿಗೊಮ್ಮೆ ಒಂದು ಚೊಂಬು ಸಗಣಿ ನೀರು ಕೊಡಿ. ಕುಂಡದ ಗಿಡಕ್ಕೆ ಚೂರು ಚೂರೇ ಕೊಡಬೇಕು: ತಿಂಗಳಿಗೆ ಎರಡು ಹಿಡಿ ಎರೆಗೊಬ್ಬರ. ಕುಂಡದಲ್ಲಿ ಯೂರಿಯಾ ಚಮಚ ಜಾಸ್ತಿಯಾದರೂ ಎಲೆಯ ಅಂಚು ಸುಟ್ಟುಹೋಗುತ್ತದೆ.

ಬುಡದ ಸುತ್ತ ತರಗೆಲೆ, ಒಣಹುಲ್ಲು, ಅವರೆ ಹೊಟ್ಟು ಏನಾದರೂ ಹೊದಿಸಿ. ಬೇಸಿಗೆಯಲ್ಲಿ ನೀರು ಉಳಿಯುತ್ತದೆ, ಆಮೇಲೆ ಅದೇ ಗೊಬ್ಬರವಾಗುತ್ತದೆ. ಕಾಂಡಕ್ಕೆ ಮಾತ್ರ ಮೂರು ಬೆರಳು ಜಾಗ ಬಿಡಿ.

ಹುಳಿ ಮಜ್ಜಿಗೆ ಹಾಕಬಹುದಾ ಅಂತ ಎಲ್ಲ ಸಂಘದಲ್ಲೂ ಕೇಳುತ್ತಾರೆ. ಹಾಕಬಹುದು. ಹುಳಿಯಾದದ್ದು ಮಣ್ಣಿನ ಸುಣ್ಣದಂಶವನ್ನು ಸ್ವಲ್ಪ ಮುರಿಯುತ್ತದೆ, ಮಣ್ಣಿನ ಜೀವಾಣುಗಳಿಗೆ ಆಹಾರವಾಗುತ್ತದೆ. ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಒಂದು ಲೋಟ, ಅದೂ ಉಪ್ಪು ಹಾಕದ್ದು. ಆದರೆ ಮಜ್ಜಿಗೆಯೊಂದೇ ಊಟವಲ್ಲ. ಅನ್ನ ಇಲ್ಲದೆ ಬರೀ ಉಪ್ಪಿನಕಾಯಿ ಬಡಿಸಿದ ಹಾಗಾಗುತ್ತದೆ.

ಬೂದಿಯ ವಿಷಯದಲ್ಲಿ ಊರು ನೋಡಿ ಮಾತಾಡಬೇಕು. ತೀರ್ಥಹಳ್ಳಿ, ಸಾಗರದ ಕಡೆ ಮಳೆ ಜಾಸ್ತಿ, ಮಣ್ಣು ಹುಳಿ. ಅಲ್ಲಿ ಒಂದು ಹಿಡಿ ಒಲೆಯ ಬೂದಿ ಗಿಡಕ್ಕೆ ಒಳ್ಳೆಯದೇ. ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಕಡೆ ಮಳೆ ಕಡಿಮೆ, ಬಹಳ ಕಡೆ ಮಣ್ಣಿನಲ್ಲಿ ಸುಣ್ಣ, ಬೋರ್‌ವೆಲ್ ನೀರು ಗಡಸು. ಅಲ್ಲಿ ಬೂದಿ ಹಾಕಿದರೆ ಇದ್ದ ತೊಂದರೆ ಇನ್ನೂ ಹೆಚ್ಚುತ್ತದೆ. "ತವರಿನಲ್ಲಿ ಅಮ್ಮ ಬೂದಿ ಹಾಕ್ತಿದ್ರು, ಗಿಡ ಹೆಂಗಿತ್ತು ಗೊತ್ತಾ" ಅನ್ನುವ ಮಲೆನಾಡಿನ ಮಗಳು ಬಯಲುಸೀಮೆಗೆ ಸೊಸೆಯಾಗಿ ಬಂದಾಗ ಇದು ನೆನಪಿರಲಿ.

ಎಲೆ ಹಳದಿಯಾದರೆ ಓದುವುದು ಹೇಗೆ

ಅಕ್ಷರ ಬಾರದವರೂ ಇದನ್ನು ಓದಬಹುದು. ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾಗಿ, ಮೇಲಿನ ಕುಡಿ ಹಸಿರೇ ಇದ್ದರೆ ಗಿಡಕ್ಕೆ ಸಾರಜನಕ ಸಾಲದು, ಹಸಿವಾಗಿದೆ ಅಂತ ಅರ್ಥ. ಗೊಬ್ಬರ ಕೊಡಿ. ಅದಕ್ಕೆ ಉಲ್ಟಾ, ಹಳೆ ಎಲೆ ಹಸಿರಿದ್ದು ಹೊಸ ಕುಡಿಯ ಎಲೆ ಹಳದಿ ಅಥವಾ ಬಿಳಿಚಿಕೊಂಡು, ನರ ಮಾತ್ರ ಹಸಿರಾಗಿ ಗೆರೆಗೆರೆ ಕಂಡರೆ ಕಬ್ಬಿಣ ಸಿಗುತ್ತಿಲ್ಲ. ಸುಣ್ಣ ಹೆಚ್ಚಿರುವ ಕಡೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ತುಕ್ಕು ಹಿಡಿದ ಮೊಳೆ ಹೂಳುವುದರಿಂದಲೂ ಉಪಯೋಗ ಇಲ್ಲ, ಆ ತುಕ್ಕೂ ಬೇರಿಗೆ ದಕ್ಕದ ಕಬ್ಬಿಣವೇ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ಹೋಳು ನಿಂಬೆರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ಹದಿನೈದು ದಿನಕ್ಕೆ ಇನ್ನೊಮ್ಮೆ. ಸಿಂಪಡಿಸಿದ ಮೇಲೆ ಎರಡು ವಾರ ಆ ಎಲೆ ಅಡುಗೆಗೆ ಬೇಡ. ಮೂರನೆಯದು, ಇಡೀ ಗಿಡ ಸೊರಗಿ, ಮಣ್ಣು ಸದಾ ಹಸಿಯಾಗಿ, ಕೆದಕಿದರೆ ಕೆಟ್ಟ ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಆಗ ಊಟ ಅಲ್ಲ, ನೀರು ಹೋಗಲು ದಾರಿ ಬೇಕು.

ಪಾತ್ರೆ ತೊಳೆದ ನೀರಿನ ಮಾತಿಗೆ ಬರೋಣ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಆದರೆ ಬಟ್ಟೆ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ. ದಿನಾ ಅದೇ ಜಾಗಕ್ಕೆ ಸೋಡಾ ನೀರು ಹರಿದರೆ ವರ್ಷದೊಳಗೆ ಆ ಮಣ್ಣು ಕರಲಿನಂತಾಗುತ್ತದೆ. ಹಿಂದೆ ಸೀಗೆಪುಡಿ, ಬೂದಿಯಲ್ಲಿ ಕೆಲಸ ಸಾಗುತ್ತಿದ್ದಾಗ ಬಚ್ಚಲ ನೀರಿಗೆ ಬಾಳೆಯೂ ಕರಿಬೇವೂ ಬೆಳೆದವು. ಬಚ್ಚಲು ಈಗಲೂ ಅಲ್ಲೇ ಇದ್ದರೂ ಅದರಿಂದ ಹರಿಯುವ ನೀರು ಬೇರೆ.

ಹೊಸದುರ್ಗದ ಕಡೆಯ ಒಂದು ಮನೆ

ಈ ಮೂರೂ ಮಾತು ಸೇರಿದ ಒಂದು ಮನೆಯನ್ನು ನೋಡಿದ್ದೇವೆ. ಸೊಸೆ ಬಂದದ್ದು ಯುಗಾದಿ ಕಳೆದು. ಎಂಟು ವರ್ಷದ ಕರಿಬೇವು ಒಣಗಿದ್ದು ಅದೇ ವರ್ಷದ ದೀಪಾವಳಿಗೆ. ಅತ್ತೆ ನಮ್ಮ ಸಂಘದ ಹಳೆಯ ಸದಸ್ಯೆ, ಕೆಟ್ಟವರಲ್ಲ, ಆದರೆ ಆ ಹುಡುಗಿ ಹಿತ್ತಲಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿದ್ದರು. ತಿಂಗಳಿಗೆ ಮೂರು ದಿನ ಅಲ್ಲ, ಪೂರ್ತಿಯಾಗಿ. ಶೌಚಾಲಯ ಇರುವುದೂ ಹಿತ್ತಲಲ್ಲೇ ಅನ್ನುವುದನ್ನು ನೀವು ಯೋಚಿಸಿ. ಅವಳು ಕತ್ತಲಾದ ಮೇಲೆ ಹೋಗುತ್ತಿದ್ದಳು.

ನಾವು ನಾಲ್ಕು ಮಂದಿ ಸದಸ್ಯೆಯರೊಂದಿಗೆ ಹೋಗಿ ಒಂದು ಗುದ್ದಲಿ ಕೇಳಿದೆವು. ಗೇಣು ಆಳಕ್ಕೆ ಬಿಳಿ ಬಿಳಿ ಗಾರೆ ಚೂರು. ಆ ಬೇಸಿಗೆಯಲ್ಲಿ ಹೊಸ ಬಚ್ಚಲ ಮನೆ ಕಟ್ಟಿಸಿ, ಉಳಿದ ಗಾರೆ, ಸಿಮೆಂಟನ್ನು ಕರಿಬೇವಿನ ಪಾತಿಗೇ ತಳ್ಳಿದ್ದರು. ಬಟ್ಟೆ ಒಗೆಯುವ ಕಲ್ಲಿನ ನೀರನ್ನೂ ಅದೇ ಕಡೆಗೆ ತಿರುಗಿಸಿದ್ದರು. ಬದುಕಿದ್ದ ಒಂದು ಕೊಂಬೆಯ ಕುಡಿ ಎಲೆ ಹಳದಿ, ನರ ಹಸಿರು. ಆ ಚೂರುಗಳ ಮೇಲೆ ಅತ್ತೆಯವರೇ ನಿಂಬೆಹಣ್ಣು ಹಿಂಡಿದರು. ಬುಸ್ ಅಂತ ಸಣ್ಣ ನೊರೆ ಎದ್ದಿತು. ಸುಣ್ಣ ಇರುವ ಕಡೆ ಹುಳಿ ಬಿದ್ದರೆ ಹಾಗೆ ನೊರೆ ಬರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು: "ಹಂಗಾದ್ರೆ ಗಾರೆಯವನನ್ನ ಬೈಬೇಕಿತ್ತು."

ಮೂರು ಪುಟ್ಟಿ ಮಣ್ಣು ತೆಗೆದು ಬೇರೆ ಮಣ್ಣು, ಗೊಬ್ಬರ ತುಂಬಿದರು. ನೀರಿನ ದಾರಿ ತಿರುಗಿಸಿದರು. ದೊಡ್ಡ ಕಾಂಡ ಉಳಿಯಲಿಲ್ಲ. ಮುಂದಿನ ಮಳೆಗೆ ಆಚೆ ಬದಿಯ ಬೇರಿನಿಂದ ಮರಿ ಎದ್ದಿತು. ಅದಕ್ಕೆ ಈಗ ನೀರು ಹಾಕುವುದು ಸೊಸೆಯೇ, ತಿಂಗಳ ಮೂವತ್ತು ದಿನವೂ.

ಮುಟ್ಟಾದವರು ಮುಟ್ಟಿದರೆ

ಮುಟ್ಟಿನ ಸ್ರಾವ ಅಂದರೆ ರಕ್ತ, ಗರ್ಭಕೋಶದ ಒಳಪದರ, ಸ್ವಲ್ಪ ದ್ರವ. ಅದರಲ್ಲಿ ಗಿಡಕ್ಕೆ ತಗಲುವ ವಿಷ ಏನೂ ಇಲ್ಲ. ಆ ದಿನಗಳಲ್ಲಿ ಹೆಣ್ಣಿನ ಕೈಯಿಂದಲೋ ನೆರಳಿನಿಂದಲೋ ಬೇರೇನೂ ಹೊರಡುವುದಿಲ್ಲ. ಓದದ ಹಳ್ಳಿಯವರ ಮೂಢನಂಬಿಕೆ ಅಂತ ಇದನ್ನು ಹಗುರ ಮಾಡುವವರೂ ಇದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಬಹಳ ಓದಿದವರೂ ಇದೇ ಮಾತು ಹೇಳಿದ್ದಾರೆ. 1920ರಲ್ಲಿ ವಿಯೆನ್ನಾ ನಗರದ ಬೇಲಾ ಶಿಕ್ ಅನ್ನುವ ಡಾಕ್ಟರು, ಗಂಟಲುಮಾರಿ ರೋಗದ ಪರೀಕ್ಷೆಗೆ ಜಗತ್ತಿನಲ್ಲೆಲ್ಲ ಹೆಸರಾದವರು, ಮನೆಕೆಲಸದ ಹೆಂಗಸು ಮುಟ್ಟಾದ ದಿನ ಮುಟ್ಟಿದ ಹೂಗಳು ಬಾಡಿದವು, ಆದ್ದರಿಂದ ಮುಟ್ಟಿನಲ್ಲಿ ಒಂದು ವಿಷ ಇದೆ ಅಂತ ಬರೆದರು. ಆಮೇಲೆ ವರ್ಷಗಟ್ಟಲೆ ಹಲವರು ಆ ವಿಷವನ್ನು ಹುಡುಕಿದರು. ಅಂಥದ್ದು ಇಲ್ಲ ಅಂತ ಕೊನೆಗೆ ವೈದ್ಯ ವಿಜ್ಞಾನ ಆ ಮಾತನ್ನು ಕೈಬಿಟ್ಟಿತು. ಅಲ್ಲೂ ಮಾತು ಬಿದ್ದದ್ದು ಮನೆಕೆಲಸದ ಹೆಂಗಸಿನ ಮೇಲೆಯೇ, ನೋಡಿ.

"ಆದರೂ ಸಿಸ್ಟರ್, ನಾನು ಕಣ್ಣಾರೆ ನೋಡಿದ್ದೇನೆ" ಅನ್ನುವ ಅಜ್ಜಿಯರಿಗೆ ಒಂದು ಲೆಕ್ಕ. ಮನೆಯಲ್ಲಿ ಮುಟ್ಟಾಗುವ ವಯಸ್ಸಿನವರು ಮೂವರಿದ್ದರೆ, ಒಬ್ಬೊಬ್ಬರಿಗೆ ನಾಲ್ಕೈದು ದಿನದಂತೆ ತಿಂಗಳಲ್ಲಿ 12ರಿಂದ 15 ದಿನ ಯಾರಾದರೊಬ್ಬರು ಹೊರಗಾಗಿಯೇ ಇರುತ್ತಾರೆ. ಅಂದರೆ ತಿಂಗಳ ಅರ್ಧ. ಗಿಡ ಯಾವ ವಾರ ಬಾಡಿದರೂ ಹೇಳಲು ಒಂದು ಹೆಸರು ಸಿಕ್ಕೇ ಸಿಗುತ್ತದೆ. ಬಾಡದೆ ಚೆನ್ನಾಗಿದ್ದ ದಿನಗಳಲ್ಲೂ ಅವರು ಮುಟ್ಟಿರುತ್ತಾರೆ, ಅದನ್ನು ಯಾರೂ ಲೆಕ್ಕ ಇಡುವುದಿಲ್ಲ.

ಕತ್ತರಿಸುವುದು

ಗಿಡ ಒಂದು ಮೀಟರ್ ಎತ್ತರ ಬಂದಾಗ ತುದಿ ಚಿವುಟಿ. ಐದಾರು ಕೊಂಬೆ ಒಡೆದು ಪೊದೆಯಾಗುತ್ತದೆ, ಮಕ್ಕಳಿಗೂ ಕೈಗೆ ಎಟುಕುತ್ತದೆ. ಹೂಗೊಂಚಲು ಬಂದರೆ, ಬೀಜ ಬೇಡವಾದರೆ, ತೆಗೆದುಬಿಡಿ. ಹಣ್ಣಿಗೆ ಹೋಗುವ ಶಕ್ತಿ ಎಲೆಗೆ ಬರುತ್ತದೆ. ಎಸಳು ಎಸಳಾಗಿ ಕೀಳುತ್ತಾ ಬರೀ ಕಡ್ಡಿ ಉಳಿಸುವ ಅಭ್ಯಾಸ ಬಿಡಿ, ಕಡ್ಡಿ ಸಮೇತ ತೆಗೆಯಿರಿ. ಸಿಪ್ಪೆ ಸುಲಿಯುವ ಹಾಗೆ ಎಳೆಯಬೇಡಿ, ಕತ್ತರಿ ಬಳಸಿ. ಒಂದು ಸಲಕ್ಕೆ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಮೊದಲ ವರ್ಷ ಗಿಡ ತನಗಾಗಿ ಬೆಳೆದುಕೊಳ್ಳಲಿ, ಅಷ್ಟು ದಿನ ಪಕ್ಕದ ಮನೆಯಿಂದ ಕೇಳಿ ತನ್ನಿ.

ಹುಳು ಮತ್ತು ವಿಷ

ಹಕ್ಕಿಯ ಹಿಕ್ಕೆಯ ಹಾಗೆ ಕಾಣುವ ಹುಳು ಎಲೆಯ ಮೇಲೆ ಕೂತಿದ್ದರೆ ಅದು ನಿಂಬೆ ಚಿಟ್ಟೆಯ ಮರಿ. ಬೆಳೆದಾಗ ಹಸಿರಾಗುತ್ತದೆ, ಎರಡು ದಿನದಲ್ಲಿ ಸಣ್ಣ ಗಿಡವನ್ನು ಬೋಳು ಮಾಡುತ್ತದೆ. ಬೆಳಿಗ್ಗೆ ಕೈಯಿಂದ ಆರಿಸಿ ತೆಗೆದರೆ ಮುಗಿಯಿತು. ಕುಡಿ ಮುರುಟಿಕೊಂಡು ಅಂಟಂಟಾಗಿದ್ದರೆ ರಸ ಹೀರುವ ಸಣ್ಣ ಹುಳ ಬಂದಿದೆ. ಆ ಕುಡಿ ಚಿವುಟಿ ಸುಟ್ಟು, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು ನೀರು ಬೆರೆಸಿ ವಾರಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿ.

ಹತ್ತಿ, ಈರುಳ್ಳಿಗೆ ತಂದ ಔಷಧಿ ಮಿಕ್ಕಿದೆ ಅಂತ ಗಂಡಸರು ಕರಿಬೇವಿಗೂ ಹೊಡೆದುಬಿಡುತ್ತಾರೆ. ಇದನ್ನು ಗಟ್ಟಿಯಾಗಿ ತಡೆಯಬೇಕು. ಮೊನೊಕ್ರೊಟೊಫಾಸನ್ನು ತರಕಾರಿಗಳಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ಆದೇಶ ಮಾಡಿದೆ. ಸೊಪ್ಪಿಗೆ ಹೊಡೆದದ್ದು ನೇರ ಒಗ್ಗರಣೆಗೇ ಬರುತ್ತದೆ, ಸುಲಿದು ಎಸೆಯಲು ಸಿಪ್ಪೆ ಕೂಡ ಇಲ್ಲ. ನಮ್ಮ ದೇಶದಿಂದ ಹೋಗುವ ಕರಿಬೇವಿನಲ್ಲಿ ಔಷಧಿಯ ಅಂಶ ಸಿಕ್ಕಿದ್ದರಿಂದ ಐರೋಪ್ಯ ಒಕ್ಕೂಟ 2019ರ ನಿಯಮದಲ್ಲಿ ಅದನ್ನು ಗಡಿಯಲ್ಲಿ ವಿಶೇಷವಾಗಿ ಪರೀಕ್ಷಿಸುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಅವರು ತಡೆದು ನೋಡುತ್ತಾರೆ. ನಮ್ಮ ಸಂತೆಯಲ್ಲಿ ಯಾರು ತಡೆದು ನೋಡ್ತಾರೆ? ಮನೆಯ ಹಿತ್ತಲ ಗಿಡದ ಬೆಲೆ ಇಲ್ಲಿದೆ. ಸಂತೆಯಿಂದ ತಂದದ್ದಾದರೆ ಹುಣಸೆ ನೀರಲ್ಲಿ ಹದಿನೈದು ನಿಮಿಷ ನೆನೆಸಿ, ಎರಡು ಸಲ ತೊಳೆಯಿರಿ. ಮೇಲಿನದು ಸ್ವಲ್ಪ ಹೋಗುತ್ತದೆ, ಎಲೆಯ ಒಳಗೆ ಇಳಿದದ್ದು ಹೋಗುವುದಿಲ್ಲ.

ತಟ್ಟೆಯಲ್ಲಿ, ಸಂತೆಯಲ್ಲಿ

100 ಗ್ರಾಂ ಕರಿಬೇವಿನಲ್ಲಿ 600 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ, ಕಣ್ಣಿಗೆ ಬೇಕಾದ ಎ ಜೀವಸತ್ವ ಆಗುವ ವಸ್ತುವೂ ಚೆನ್ನಾಗಿದೆ. ಆದರೆ ನಾವು ಒಗ್ಗರಣೆಗೆ ಹತ್ತು ಎಸಳು ಹಾಕಿ ತಟ್ಟೆಯ ಬದಿಗೆ ತೆಗೆದಿಡುತ್ತೇವೆ. ನೆರಳಲ್ಲಿ ಒಣಗಿಸಿ, ಹುರಿಗಡಲೆ, ಎಳ್ಳು, ಒಣಮೆಣಸು ಸೇರಿಸಿ ಚಟ್ನಿಪುಡಿ ಮಾಡಿದರೆ ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಕರಿಬೇವು ತಿಂದರೆ ರಕ್ತ ಕಡಿಮೆ ಇರುವುದು ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೇ ನಂಬಿ ಕೂರಬೇಡಿ. ಸೊಪ್ಪಿನ ಕಬ್ಬಿಣ ದೇಹಕ್ಕೆ ಸೇರುವುದು ಸ್ವಲ್ಪವೇ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಯನ್ನು ನುಂಗಿ, ಪುಡಿಯನ್ನೂ ತಿನ್ನಿ.

ಮಾರಾಟದ ಬಗ್ಗೆ ಒಂದೇ ಮಾತು. ಕರಿಬೇವು ಎರಡು ದಿನದಲ್ಲಿ ಬಾಡುವ ಸೊಪ್ಪು. ಕೊಳ್ಳುವ ಹೋಟೆಲೋ ಅಂಗಡಿಯೋ ಮೊದಲೇ ಗೊತ್ತಿಲ್ಲದೆ ಸಂಘದ ಸಾಲ ತೆಗೆದು ತೋಟ ಮಾಡಬೇಡಿ. ಹತ್ತು ಸದಸ್ಯೆಯರ ಹಿತ್ತಲಲ್ಲಿ ಎರಡೆರಡು ಗಿಡ ಬೆಳೆದ ಮೇಲೆ, ಮಿಕ್ಕಿದ್ದನ್ನು ಒಟ್ಟು ಸೇರಿಸಿ ಕಟ್ಟು ಮಾಡಿ ಮಾರುವುದು ಸಾಲವಿಲ್ಲದ ದಾರಿ. ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲೇಬೇಕು.

ಮುಂದಿನ ಸಭೆಗೆ ಕೆಲಸ

ಎಲ್ಲರೂ ತಮ್ಮ ಕರಿಬೇವಿನ ಬುಡದ ಒಂದು ಹಿಡಿ ಮಣ್ಣು ಕಾಗದದಲ್ಲಿ ಕಟ್ಟಿ ತನ್ನಿ, ಸಂಘಕ್ಕೆ ನಾಲ್ಕು ನಿಂಬೆಹಣ್ಣು ಇರಲಿ. ಯಾರ ಮಣ್ಣು ನೊರೆ ಬಿಡುತ್ತದೆ ನೋಡಿ, ಹೆಸರಿನ ಮುಂದೆ ಗುರುತು ಹಾಕಿ. ಅಂಥವರು ಬೂದಿ ನಿಲ್ಲಿಸಲಿ, ಒಂದು ಅರ್ಧ ಕಿಲೋ ಮಣ್ಣನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸುವುದು ಹೇಗೆಂದು ಕೇಳಲಿ.

ಇಷ್ಟವಿದ್ದ ಸಂಘಗಳು ಇನ್ನೊಂದು ಪರೀಕ್ಷೆ ಮಾಡಬಹುದು. ಒಂದೇ ವಯಸ್ಸಿನ ಎರಡು ಸಸಿ, ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ಅಳತೆಯ ನೀರು, ಒಂದೇ ಗೊಬ್ಬರ. ಒಂದು ಸಸಿಯನ್ನು ಮುಟ್ಟಾದ ಸದಸ್ಯೆಯರೇ ಆ ದಿನಗಳಲ್ಲಿ ಮುಟ್ಟಿ ನೋಡಿಕೊಳ್ಳಲಿ. ಇನ್ನೊಂದನ್ನು ಉಳಿದವರು ಮಾತ್ರ ಮುಟ್ಟಲಿ. ಯಾರು ಯಾವ ದಿನ ಅಂತ ಹೆಸರು ಬರೆಯುವುದು ಬೇಡ, ಯಾರನ್ನೂ ಒತ್ತಾಯಿಸುವುದೂ ಬೇಡ. ಪುಸ್ತಕ ಬರೆಯುವವರು ಪ್ರತಿ ತಿಂಗಳ ಒಂದನೇ ತಾರೀಖು ಎರಡರ ಎತ್ತರ ಅಳೆದು, ಎಲೆಕಡ್ಡಿ ಎಣಿಸಿ ಬರೆದಿಡಲಿ. ಆರು ತಿಂಗಳಾದ ಮೇಲೆ ಎರಡೂ ಸಸಿಯನ್ನು, ಆ ಪುಸ್ತಕವನ್ನು ಒಕ್ಕೂಟದ ಸಭೆಗೆ ತನ್ನಿ. ಅತ್ತೆಯಂದಿರನ್ನೂ ಕರೆತನ್ನಿ.